ಅರವತ್ತೆರಡನೇದು

ಬುಧವಾರಕ್ಕೊಮ್ಮೆ ಕೀಲಿಗೊಂಚಲ ಹಿಡಕೊಂಡು
ಗಬ್ಬೂರ ಬೈಪಾಸಿನ ಯಾರ್ಡಿಗೆ ಬರತಾನ ದಾವಲಸಾಬ.
ಮಾರದ ಉಳದ ಡೀಸೆಲ್ ಗಾಡಿ ಅರವತ್ತೊಂದು.
ಒಂದೊಂದನ್ನೂ ಹತ್ತು ಮಿನಿಟು ಚಾಲೂ ಇಡಬೇಕು,
ಇಲ್ಲಂದ್ರ ಬ್ಯಾಟರಿ ಸಾಯತಾವ.

ಗಾಲಿ ಎರಿಮಣ್ಣಾಗ ಬೆರಳುದ್ದ ಇಳದಾವ,
ಮೂರನೇ ಸಾಲಿಗೆ ಕಾಡ ಹಾಗಲಬಳ್ಳಿ ಹಬ್ಬೇತಿ,
ಸೀಟಿನ ಪ್ಲಾಸ್ಟಿಕ್ ಮಾತ್ರ ಯಾರೂ ಹರಿಯೂಹಂಗಿಲ್ಲ.
ಗೇಟಿನ ಬೋರ್ಡಿನ ಮ್ಯಾಲ
'ನಂಬರ್' ಉಳದೈತಿ, 'ಒನ್' ಬಿಸಲಿಗೆ ಮಾಸೇತಿ.

ಹೋದ ತಿಂಗಳ ಪುಣೆ ಸಾಹೇಬರು ಬಂದು
ಎಣಿಸಿದರು, ಮತ್ತ ಎಣಿಸಿದರು.
ಕುಂದಗೋಳದ ಹಾಲಿನವ ಬಂದು
ಟೈರಿಗೆ ಒದ್ದು ಕೇಳಿದ:
"ಚಾರ್ಜ್ ಮಾಡೂದು ಇಲ್ಲೇನ್ರಿ?"
ಚಾ ಕುಡದು ಎದ್ದು ಹೋದ.

ಇವತ್ತ ಒಂದು ಬಂದೈತಿ, ಬಿಳೀದು,
ಎಲ್ಲಾರೂ ಕೇಳಿ ಬ್ಯಾಸತ್ತ ಮ್ಯಾಲ.
ಕೀಲಿ ತಿರುವಿದ. ಸಪ್ಪಳಿಲ್ಲ.
ಮತ್ತ ತಿರುವಿದ.
ಕೆಟ್ಟೈತೋ, ಹೊಂಟು ನಿಂತೈತೋ ತಿಳೀವಲ್ದು.
ಕೆಳಗಿಳಿದು ಬಾನೆಟ್ಟಿಗೆ ಅಂಗೈ ಇಟ್ಟ,
ಜ್ವರದ ಕೂಸಿನ ಹಣಿ ಮುಟ್ಟಿದಂಗ.
ತಣ್ಣಗಿತ್ತು.

ವಹಿಯೊಳಗ ಅರವತ್ತೊಂದರ ಮುಂದೂ
'ಸಪ್ಪಳ ಬರೋಬರಿ' ಅಂತ ಬರದಾನ.
ಮುಂದಿನ ಸಾಲಿಗೆ ಪೆನ್ನು ಹಚ್ಚಿ
ಸುಮ್ಮನ ಕುಂತಾನ;
ಹಿಂದ, ಬಂದ್ ಮಾಡೂದು ಮರತ ಗಾಡಿಯೊಂದು
ಗುಡುಗುಡು ಅನಕೋತ ಡೀಸೆಲ್ ಕುಡೀಲಿಕ್ಕತ್ತೈತಿ.