ಭೋಂಗಾ

ಕೈಯ ಗ್ರೀಸೂ ತೊಳೆಯದೆ ಅಪ್ಪ
ರೇಡಿಯೋದ ಬಾಯಿಗೆ ಟೇಪು ಹಿಡಿದು
ಪೂರಿಯಾ ತುಂಬಿಕೊಳ್ಳುತ್ತಿದ್ದ.
"ಯಾರೂ ಪಿಟ್ ಅನಬ್ಯಾಡ್ರಿ" ಅಂದವನು
ತಾನೇ ಸೀನಿದ್ದು ಈಗಲೂ ಅದರೊಳಗಿದೆ.

ಆಲಾಪ ನಿಷಾದಕ್ಕೆ ಹೋಗಿ ನಿಂತಲ್ಲಿ
ವರ್ಕ್‌ಶಾಪಿನ ಭೋಂಗಾ.
ಹಿಂದೆಯೇ ಅವ್ವನ ಪಿಸುದನಿ:
"ಎಸ್ತೇರಾ, ಹಾಲು ನೋಡವಾ."
ನಾನು ನೋಡಲಿಲ್ಲ.
ಚುಂಯ್.

ಗದಗ ರೋಡಿನ ಆ ಕ್ವಾರ್ಟರ್ಸಿನಲ್ಲಿ
ಟೇಪು ಸವೆಯುವ ತನಕ ಕೇಳಿದೆವು.
ರಾಗವೆಂದರೆ ಇದೆಲ್ಲ ಸೇರಿಯೇ
ಅಂದುಕೊಂಡಿದ್ದೆ.

ನಿನ್ನೆ ಧಾರವಾಡದಲ್ಲಿ, ತಂಪು ಸಭಾಂಗಣ,
ಅದೇ ಪೂರಿಯಾ. ನಿಷಾದ ಬಂತು.
ಕಾದೆ.
ಬರೀ ತಂಬೂರಿ.
ಪಕ್ಕದವರು ಆಹಾ ಅಂದರು.

ನನಗೋ, ಒಲೆಯ ಮೇಲೆ
ಏನೋ ಇಟ್ಟು ಮರೆತು ಬಂದ ಹಾಗೆ.