ಕೂಡು

ಮುನಸಿಪಾಲಿಟಿಯಿಂದ ಬಂದ್ಯಾ? ಬಾ. ಜಮಖಾನೆ ಅಲ್ಲೇ ಅದ.
ರಾವಬಹಾದ್ದೂರರ ಪಟ ಹಾಲಿನೊಳಗ ತೂಗಹಾಕತೀರಂತ,
ಅದರ ಬುಡಕ್ಕ ಬರೀಲಿಕ್ಕೆ ನಾಕು ಸಾಲು ಬೇಕಂತ:
ಹುಟ್ಟಿದ್ದು, ಸನದು ಸಿಕ್ಕಿದ್ದು,
ಮುಂಬಯಿ ಕೌನ್ಸಿಲ್ಲಿಗೆ ಹೋದದ್ದು, ತೀರಿಕೊಂಡದ್ದು.
ಮೂವತ್ತೊಂದು ವರ್ಷ ಅವರ ದಫ್ತರ ಹೊತ್ತವ ನಾನು,
ಕಾರಕೂನ ರಾಚಯ್ಯ.
ನನ್ನನ್ನ ಕೇಳಬೇಕಾದ್ದು, ಖರೆ.

ಬರಕೊಪ್ಪಾ.
ತಮ್ಮಾಜಿ ಸ್ವಾಮಿರಾವ ಮೇವುಂಡಿ.
ಇಂಗ್ಲೀಷು ಕಲಿಸಿದವ ಒಬ್ಬ ಜರ್ಮನ್ ಪಾದ್ರಿ,
ಮೋಡಿ ಕಲಿಸಿದವ ಸೋದರಮಾವ.
ಕನ್ನಡ ಯಾರೂ ಕಲಿಸಲಿಲ್ಲ. ಅದು ಮನಿಯೊಳಗ ಬಿದ್ದಿತ್ತು
ಮೂಲ್ಯಾಗಿನ ಒನಕಿ ಹಂಗ.

ಹತ್ತಿ ತುಟ್ಟಿಯಾದ ವರ್ಷ
ಹುಬ್ಬಳ್ಳಿ ಅಡತಿಯವರ ಖಟ್ಲೆ ಗೆದ್ದು
ಹೊಸಯಲ್ಲಾಪುರದ ಮನಿಗೆ ಎರಡಂಕಣ ಕೂಡಿಸಿದರು. ಆ ವರ್ಷವೇ ನಾ ಸೇರಿದ್ದು.
ಸೋತ ಖಟ್ಲೆನೂ ಇದ್ದವು; ಅವನ್ನ ಪಟದ ಬುಡಕ್ಕ ಬರೆಯೂದಿಲ್ಲ.
ಪಕ್ಷಗಾರರು ಬಂದರ
ಜಮಖಾನೆ ಕಡೆ ಕೈ ಮಾಡವರು, ಅಷ್ಟ.
"ಕೂಡ್ರಿ" ಅಂದದ್ದು ನಾ ಒಂದು ದಿವಸ ಕೇಳಿಲ್ಲ.
ದೇಸಾಯರು ಬರಲಿ, ಬೆಟಗೇರಿ ನೇಕಾರ ಬರಲಿ,
ಕಲೆಕ್ಟರ ಕಚೇರಿ ಶಿರಸ್ತೇದಾರ ಬರಲಿ,
ಬರೇ ಕೈ.
ಊರಾಗ ಅಂದರು: ಸೊಕ್ಕು.
ನಾನೂ ಅಂದೆ ಮನಸ್ಸಿನಾಗ, ಇಪ್ಪತ್ತು ವರ್ಷ.

ರೇಲ್ವೆ ಬಂದ ವರ್ಷ ಪೆಟಗಿಗೆ ಗೆದ್ದಲ ಹತ್ತಿತು.
ಕಾಗದ ಬಿಸಲಿಗೆ ಹರವಿದಾಗ ಸಿಕ್ಕಿತು
ನಡುವ ಗೆರಿ ಹೊಡದ ಒಂದು ಹಾಳಿ,
ಎಡಕ್ಕ ಕನ್ನಡ, ಬಲಕ್ಕ ಇಂಗ್ಲೀಷು,
ಬಂಡಿನ ವರ್ಷದ್ದು.
ಇಪ್ಪತ್ತರ ಹುಡುಗ ಆಗ ಇವರು,
ಸಾಹೇಬನ ಡೇರೆಯೊಳಗ ತರ್ಜುಮೆದಾರ.
ಎಡಕ್ಕ ಬರದಿತ್ತು:
"ನಾನು ಮಾನಪ್ಪ, ಜಾತಿ ಕಮ್ಮಾರ.
ಸಂಜಿ ಆದರ ಕುಲಿಮಿ ಆರಿಸಿ
ಚಾವಡಿ ಕಟ್ಟಿ ಮ್ಯಾಲೆ ಅವರ ಗೂಡ ಕೂಡತಿದ್ದೆ.
ಮತ್ತೇನೂ ನನಗ ತಿಳೀದು."
ಬಲಗಡೆ ಕಟ್ಟಿನೂ ಇಲ್ಲ, ಸಂಜಿನೂ ಇಲ್ಲ.
ಸಾಲಿ ಮಾಸ್ತರಗ ತೋರಿಸಿ ಓದಿಸಿದೆ, ಒಂದ ಸಾಲು:
"ನಾನು ಅವರ ಪಕ್ಷ ಸೇರಿದ್ದೆ."

ಕೂಡೂದು.
ಕಟ್ಟಿ ಮ್ಯಾಲೆ ಕೂಡೂದು, ದಂಡಿಗೆ ಕೂಡೂದು.
ನಮ್ಮ ಸೀಮ್ಯಾಗ ಒಂದ ಶಬ್ದ, ಎರಡು ಬಾಗಲ.
ಹುಡುಗ ಅವಸರದೊಳಗ ಒಂದು ತೆಗೆದ.
ಡೇರೆಯ ಹೊರಗ ಹುಣಸಿ ಮರ ಇತ್ತು.

ಹಾಳಿ ಮಡಚಿ ಇದ್ದಲ್ಲೇ ಇಟ್ಟೆ.
ನಾ ನೋಡಿದ್ದನ್ನ ಅವರು ನೋಡಿದರು.
ಮರುದಿನ ಅದರ ಮಾತು ತೆಗೀಲಿಲ್ಲ, ಅರ್ಜಿ ಬರೆಸಿದರು:
ಆಡಿದ ಮಾತಿನೊಳಗ ಜಬಾನಿ ಇರಬೇಕು,
ಸಮನ್ಸು ಕನ್ನಡದಾಗ ಬರಬೇಕು,
ತರ್ಜುಮೆ ಓದಿ ಹೇಳದ ಹೆಬ್ಬೆಟ್ಟು ಒತ್ತಿಸಬಾರದು.
ಹನ್ನೊಂದು ವರ್ಷದಾಗ ಒಂಬತ್ತು ಅರ್ಜಿ, ನನ್ನ ಕೈಲೆ.
ಕೌನ್ಸಿಲ್ಲಿನಾಗ ಕನ್ನಡದ ಸಲುವಾಗಿ ಒಂದು ತಾಸು ಮಾತಾಡಿದರು,
ಇಂಗ್ಲೀಷಿನೊಳಗ.
ಮೃತ್ಯುಪತ್ರ ಮೋಡಿಯೊಳಗ ಬರೆಸಿದರು. ನಾ ನಕ್ಕೆ. ಅವರೂ ನಕ್ಕರು.
ರಾವಬಹಾದ್ದೂರಿ ಬಂದದ್ದು ಆ ಭಾಷಣಕ್ಕಲ್ಲ,
ಮುನಸಿಪಾಲಿಟಿಯಾಗ ನೀರಿನ ತೆರಿಗಿಗೆ ಕೈ ಎತ್ತಿದ್ದಕ್ಕ.
ಅದನ್ನ ಬರೀಬ್ಯಾಡ.

ಮಾನಪ್ಪನ ಮಂದಿ ಯಾರರ ಉಳದಾರೇನು ಅಂತ
ಒಮ್ಮೆ ನಾನ ಹೋಗಿದ್ದೆ, ಹೇಳದ ಕೇಳದ.
ಕುಲಿಮಿ ಇದ್ದಲ್ಲೆ ಎಣ್ಣಿ ಗಾಣ ತಿರಗತಿತ್ತು.
ಕಟ್ಟಿ ಇತ್ತು. ಅದರ ಮ್ಯಾಲೆ ಹುಡುಗರು
ಚೌಕಾಬಾರ ಗೆರಿ ಕೊರದಿದ್ದರು.
ಬಂದು ಸಾಹೇಬರಿಗೆ ಏನೂ ಹೇಳಲಿಲ್ಲ.

ತೀರಿಕೊಂಡದ್ದು, ಬರಕೊ, ಹೋದ ಶ್ರಾವಣ, ಬುಧವಾರ,
ದೀಪ ಹಚ್ಚೂ ಹೊತ್ತು.
ನಾನು ಹೊಸ್ತಿಲ ಕಡೆ ನಿಂತಿದ್ದೆ, ದಫ್ತರ ಬಗಲಾಗ.
ಕೈ ಎತ್ತಲಿಕ್ಕೆ ಹೋದರು, ಏಳಲಿಲ್ಲ ಕೈ.
"ರಾಚಯ್ಯಾ," ಅಂದರು, "ಕೂಡು."

ಕೂತೆ.

ಸಾಲು ನಾಕು ಆದವೇನು? ಓದು ನೋಡೂಣು.
ಅಂದಹಂಗ, ಆ ಚಿತ್ರಗಾರ
ಅವರನ್ನ ನಿಲ್ಲಿಸ್ಯಾನೋ, ಕೂಡಿಸ್ಯಾನೋ?