ಚಿಗಟ ಯಾವ ಇಲಾಖೆಯದು

ಮನುಷ್ಯ ನಮ್ಮ ಸಚಿವಾಲಯಕ್ಕೆ ಸೇರಿದವನು,
ಜ್ವರ ಬಂದ ಮೇಲೆ, ಅಂದರೆ.
ತರ್ವಾಗ, ಹುಲ್ಲುಗಾವಲಿನಲ್ಲಿ ಬಿಲ ತೋಡಿ
ಹಿಂಗಾಲ ಮೇಲೆ ನಿಂತು ಸಿಳ್ಳೆ ಹಾಕುವ ಆ ದಪ್ಪ ಪ್ರಾಣಿ,
ಪರಿಸರದವರದು.
ಕುರಿ, ಒಂಟೆ, ಅವನ್ನು ಕಾಯುವ ನಾಯಿ ಪಶುಸಂಗೋಪನೆಯವರದು.
ಹಣ ಯಾರದೂ ಅಲ್ಲ;
ಹಣಕಾಸಿನವರು ಹಾಗನ್ನುವುದಿಲ್ಲ.

ಚಿಗಟ?

ಉಲಾನ್‌ಬಾತರಿನ ನಾಲ್ಕನೇ ಮಹಡಿಯಲ್ಲಿ
ಸಮನ್ವಯ ಸಮಿತಿ ಮೂರು ಸಲ ಕೂತಿತು.
ಉಪ್ಪು ಹಾಕಿದ ಹಾಲುಚಹಾ ಆರಿ ಕೆನೆ ಕಟ್ಟಿತು.
ಪರಿಸರದ ಗಾಲ್ಸನ್ ಹೇಳಿದ:
ತರ್ವಾಗದ ಮೈಮೇಲಿರುವ ತನಕ ನಮ್ಮದು, ಒಪ್ಪಿದೆ.
ಮನುಷ್ಯನ ಮೈಗೆ ಬಂದರೆ ನಿಮ್ಮದು, ನರ್ಮಂದಖ್ ಅವರೇ.
ನೆಗೆಯುತ್ತಿರುವಾಗ? ಅಂದೆ.
ಯಾರೂ ನಗಲಿಲ್ಲ. ನಗಲೆಂದು ನಾನೂ ಕೇಳಿರಲಿಲ್ಲ.
ನಡವಳಿಯಲ್ಲಿ ಬರೆದುಕೊಂಡೆವು:
‘ಸದರಿ ಅವಧಿಯ ಬಗ್ಗೆ ಸ್ಪಷ್ಟೀಕರಣ ಕೋರುವುದು.’

ಅಷ್ಟರಲ್ಲಿ ಪಶ್ಚಿಮದ ಬಯನ್-ಉಲ್ಗಿಯಿಂದ ಸೆರಿಕ್‌ಬೋಲನ ಪತ್ರ,
ಪೆನ್ನು ಒತ್ತಿದ ಒತ್ತಿಗೆ ಹಾಳೆಯ ಬೆನ್ನು ಉಬ್ಬಿತ್ತು:
ತಂತಿಗೆ ಬಿಳಿ ಫ್ಲಾನೆಲ್ ಸುತ್ತಿ ಬಿಲದೊಳಗೆ ತೂರಿಸುತ್ತೇವೆ,
ಹೊರಗೆಳೆದರೆ ಎಳ್ಳು ಚೆಲ್ಲಿದ ಹಾಗೆ ಚಿಗಟ.
ಬಟ್ಟೆ ಮುಗಿದಿದೆ. ಹೆಂಡತಿಯ ಹೊದಿಕೆ ಹರಿದು ಎರಡು ವಾರ ನಡೆಸಿದೆ.
ಜೀಪಿಗೆ ಪೆಟ್ರೋಲು ಬೇಕು. ಪರೀಕ್ಷೆಗೆ ರಾಸಾಯನಿಕ ಬೇಕು.
ದಯವಿಟ್ಟು ಬೇಸಿಗೆ ಮುಗಿಯುವುದರೊಳಗೆ.

ಅದರ ಮೇಲೆ ನಾನು ಬರೆದೆ: ‘ಮಂಡಿಸಿದೆ.’
ನನ್ನ ಮೇಲಿನವರು: ‘ಚರ್ಚಿಸಿ.’
ಅವರ ಮೇಲಿನವರು: ‘ನೋಡಿದೆ.’
ವಿಜ್ಞಾನ ನಿಧಿಯವರು ಕೇಳಿದರು, ಇದು ಸಂಶೋಧನೆಯೋ, ಕಣ್ಗಾವಲೋ?
ಸಂಶೋಧನೆಯಾದರೆ ಪ್ರಾಕ್ಕಲ್ಪನೆ ಎಲ್ಲಿ?
ಕಣ್ಗಾವಲಾದರೆ ನಮ್ಮಲ್ಲಿಗೇಕೆ ಬಂತು?
ಕಡತದ ಬೆನ್ನು ಮುರಿಯಿತು. ಹೊಸ ದಾರ ಪೋಣಿಸಿದೆ.

ಜುಲೈ ಕೊನೆಗೆ ಆ ಕಡೆ ಒಬ್ಬಳು ಸತ್ತಳು,
ತರ್ವಾಗದ ಚರ್ಮ ಸುಲಿದವಳು.
ಕುಲ್ಯಾಷ್. ಫೋನಿನಲ್ಲಿ ಎರಡು ಸಲ ಹೇಳಿಸಿಕೊಂಡು ಬರೆದೆ,
ಹೆಸರಾದರೂ ತಪ್ಪಬಾರದೆಂದು.
ಆಮೇಲೆ ಒಂದು ವಾರ
ಎಲ್ಲ ಇಲಾಖೆಗಳೂ ಚಿಗಟ ನಮ್ಮದು, ನಮ್ಮದು ಅಂದವು.

ಹಣ ಮಂಜೂರಾದದ್ದು ನವೆಂಬರ್ ಹತ್ತೊಂಬತ್ತಕ್ಕೆ.
ಡಿಸೆಂಬರ್ ಮೂವತ್ತೊಂದರೊಳಗೆ ಖರ್ಚಾಗಬೇಕು,
ಇಲ್ಲದಿದ್ದರೆ ಖಜಾನೆಗೆ ವಾಪಸ್ಸು.
ಹೊರಗೆ ಮೈನಸ್ ಇಪ್ಪತ್ತೆಂಟು.
ತರ್ವಾಗಗಳು ಎಂದೋ ಬಿಲದ ಬಾಯಿಗೆ ಮಣ್ಣು ಜಡಿದು
ಒಂದಕ್ಕೊಂದು ಒತ್ತಿಕೊಂಡು ಮಲಗಿವೆ;
ಅವುಗಳ ತುಪ್ಪಳದೊಳಗೆ ಚಿಗಟಗಳೂ,
ಯಾರ ಸಹಿಗೂ ಕಾಯದೆ.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇದೊಂದು ಸಲ
‘ಚರ್ಚಿಸಿ’ ಅಂದವರೊಂದಿಗೆ ಚರ್ಚಿಸದೆ
ಇಡೀ ಬಾಬ್ತಿಗೆ ಫ್ಲಾನೆಲ್ ಕೊಂಡೆ.
ರಾಸಾಯನಿಕಕ್ಕೆ ವಾಯಿದೆ ಇರುತ್ತದೆ, ಬಟ್ಟೆಗೆ ಇಲ್ಲ.
ಒಂಬೈನೂರು ಮೀಟರ್, ಬಿಳಿ.
ಲಾರಿಗೆ ಏರಿಸುವಾಗ ಹಿಮಕ್ಕೂ ಅದಕ್ಕೂ ಗುರುತು ಸಿಗಲಿಲ್ಲ.

ಮಾರ್ಚಿನಲ್ಲಿ ಲೆಕ್ಕ ತಪಾಸಣೆಯ ಹುಡುಗ ಬಂದ.
ಇಷ್ಟೊಂದು ಬಟ್ಟೆ ಎಲ್ಲಿಗೆ, ಅಮ್ಮಾ?
ಬಿಲಕ್ಕೆ, ಅಂದೆ.
ಬಿಲ್ಲು ತೋರಿಸಿ, ಅಂದ.

ಈಗ ಏಪ್ರಿಲ್. ಸೆರಿಕ್‌ಬೋಲನ ಇನ್ನೊಂದು ಪತ್ರ:
ಬಟ್ಟೆ ಬಂತು. ತರ್ವಾಗ ಎದ್ದಿವೆ, ಸಿಳ್ಳೆ ಕೇಳಿಸುತ್ತಿದೆ.
ಪೆಟ್ರೋಲು ಇಲ್ಲ, ಹತ್ತಿರದ ಬಿಲಗಳಿಗೆ ಕುದುರೆಯ ಮೇಲೆ ಹೋಗುತ್ತೇವೆ.
ಹೆಂಡತಿಗೆ ಅದರಲ್ಲಿ ಒಂದು ಹೊದಿಕೆ ಹೊಲಿಸಿಕೊಟ್ಟೆ.
ಲೆಕ್ಕದಲ್ಲಿ ತೋರಿಸಬೇಕೇ?

ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.
ಅಂಚಿನಲ್ಲಿ ‘ನೋಡಿದೆ’ ಎಂದು ಬರೆದು,
ದಿನಾಂಕ ಹಾಕಿ,
ಕಡತಕ್ಕೆ ಸೇರಿಸಿದೆ.